ಕೊಂಡುಕುರಿಯ ಕಣಿವೆಯಲ್ಲಿ

ಗುತ್ತೂರಿನವರಾದ ನಮಗೆ ಜಿಂಕೆಯೆಂದೊಡನೆ ನೆನಪಾಗುವುದು ಹೊಳೆಯಾಚೆಯ ರಾಣೇಬೆನ್ನೂರಿನ ಕೃಷ್ಣಮೃಗ. ತುಂಗಭದ್ರೆಯ ಸೇತುವೆಯನ್ನು ದಾಟಿ ಅದನ್ನು ಕಂಡು ಬಂದವರು ನಮ್ಮೂರಿನಲ್ಲಿ ಬೇಕಾದಷ್ಟು ಮಂದಿ. ಆದರೆ ನಮ್ಮ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿಯೇ, ರಂಗಯ್ಯನದುರ್ಗದ ಅರಣ್ಯದಲ್ಲಿ, ಕೊಂಡುಕುರಿಯೆಂಬ ಅಪೂರ್ವ ಪ್ರಾಣಿಯಿರುವುದನ್ನು ಬಲ್ಲವರು ವಿರಳ. 2011ರಲ್ಲಿ ಸರ್ಕಾರವು ಅಲ್ಲಿಯ ಸುಮಾರು 77 ಚದರ ಕಿಲೋಮೀಟರು ಅರಣ್ಯವನ್ನು ಅದರ ಹೆಸರಿನಲ್ಲಿಯೇ ವನ್ಯಧಾಮವನ್ನಾಗಿ ಸಾರಿತು.

ಮಳೆಗಾಲ ಮುಗಿದ ಮೇಲೆ ಅರಣ್ಯ ಇಲಾಖೆಯವರ ಅಪ್ಪಣೆ ಪಡೆದು, ರೊಟ್ಟಿ ಶೇಂಗಾಚಟ್ನಿಗಳ ಬುತ್ತಿ ಕಟ್ಟಿಕೊಂಡು, ಮನೆಮಂದಿಯೆಲ್ಲ ಬೆಳಗಿನ ಜಾವದಲ್ಲಿಯೇ ಹೊರಟೆವು. ದಾವಣಗೆರೆಯನ್ನು ಕಳೆಯುತ್ತಲೇ ಭದ್ರಾ ಕಾಲುವೆಯ ಹಸಿರು ಹಿಂದುಳಿಯಿತು. ಮುಂದೆಲ್ಲ ಮಳೆಯನ್ನೇ ನಂಬಿದ ಹೊಲಗಳು.

ಕಣಿವೆಯ ಮರಗಳು ಮಲೆನಾಡಿನವುಗಳಂತೆ ಮುಗಿಲು ಮುಟ್ಟುವಂಥವಲ್ಲ. ಬೇಸಗೆಯಲ್ಲಿ ಎಲೆಯುದುರಿಸುವ ಮರಗಳು, ಅವುಗಳ ನಡುವೆ ಮುಳ್ಳುಪೊದೆಗಳು, ಎದೆಯುದ್ದದ ಹುಲ್ಲು. ಕೊಂಡುಕುರಿಗೆ ಬೇಕಾದದ್ದೂ ಇದೇ. ಕೃಷ್ಣಮೃಗವು ಬಯಲಿನಲ್ಲಿ ಹಿಂಡುಗಟ್ಟಿ ಓಡಿ ಪ್ರಾಣವುಳಿಸಿಕೊಂಡರೆ, ಇದು ಒಂಟಿಯಾಗಿ ಮರೆಯಲ್ಲಿ ನಿಶ್ಚಲವಾಗಿ ನಿಂತು ಉಳಿಸಿಕೊಳ್ಳುತ್ತದೆ. ಎತ್ತರ ಎರಡಡಿ, ತೂಕ ಇಪ್ಪತ್ತು ಕಿಲೋ ಆದರೆ ಹೆಚ್ಚು. ಗಂಡಿಗೆ ಮಾತ್ರ ಕೊಂಬು, ಅದೂ ನಾಲ್ಕು: ಕಿವಿಗಳ ನಡುವೆ ಎರಡು ಉದ್ದನೆಯವು, ಹಣೆಯ ಮೇಲೆ ಎರಡು ಮೊಳಕೆಯಂಥವು. ಕಾಡುಪ್ರಾಣಿಗಳಲ್ಲಿ ಇಂಥ ನಾಲ್ಕು ಕೊಂಬು ಮತ್ತಾವುದಕ್ಕೂ ಇಲ್ಲ.

ಜೊತೆಗೆ ಬಂದಿದ್ದ ಕಾವಲುಗಾರನು ಹಳ್ಳದ ದಂಡೆಯಲ್ಲಿ ಹಿಕ್ಕೆಯ ಗುಪ್ಪೆಯೊಂದನ್ನು ತೋರಿಸಿದನು. ಈ ಪ್ರಾಣಿಯು ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುವುದಂತೆ. ಇಷ್ಟು ಶಿಸ್ತು ನಮ್ಮ ಊರ ಬೀದಿಗಳಲ್ಲಿದ್ದರೆ ಎಷ್ಟು ಚೆನ್ನಾಗಿತ್ತು! ನೀರಿನ ನೆಲೆಯಿಂದ ಅದು ಬಹುದೂರ ಹೋಗುವುದಿಲ್ಲ. ಆದುದರಿಂದ ಹಳ್ಳ ಬತ್ತಿತೆಂದರೆ ಅದಕ್ಕೆ ಸಂಕಟ.

ಕಾಡಿನಂಚಿನಲ್ಲಿ ಮೇಕೆ ಕಾಯುತ್ತಿದ್ದ ಅಜ್ಜನೊಬ್ಬನನ್ನು ಈ ವಿಷಯವಾಗಿ ಕೇಳಿದೆವು.

"ಹಳ್ಳದಾಗ ನೀರಿದ್ದಾಗ ಅದೂ ಕುಡಿತೈತಿ, ನಮ್ಮ ಮೇಕೆನೂ ಕುಡಿತಾವು. ಬತ್ತಿದ ಮ್ಯಾಲೆ ಅದು ಎಲ್ಲಿಗೆ ಹೋಗಬೇಕು, ನಾನೆಲ್ಲಿಗೆ ಹೋಗಬೇಕು, ನೀವೇ ಹೇಳ್ರಿ ಯಜಮಾನ್ರೇ," ಎಂದನು.

ನಮಗೆ ಉತ್ತರ ಹೊಳೆಯಲಿಲ್ಲ. ಮೇಕೆಗಳನ್ನು ಹೊರಗಟ್ಟಿರೆಂದು ಪಟ್ಟಣದಲ್ಲಿ ಕುಳಿತು ಬರೆಯುವುದು ಸುಲಭ. ಬರಗಾಲಕ್ಕೆ ಹೆಸರಾದ ಈ ಸೀಮೆಯಲ್ಲಿ ಅವನ ಬದುಕೂ ಆ ಹಳ್ಳವನ್ನೇ ನಂಬಿದೆ. ಆದರೂ ಪೊದೆಯೆಲ್ಲ ಬೋಳಾದರೆ ಮರೆಯಲ್ಲಿ ಬದುಕುವ ಪ್ರಾಣಿಗೆ ಉಳಿಗಾಲವಿಲ್ಲವೆಂಬುದೂ ನಿಜವೇ.

ಇಳಿಹೊತ್ತಿನವರೆಗೂ ಕಾದರೂ ಏನೂ ಕಾಣಲಿಲ್ಲ. ನಿರಾಶರಾಗಿ ಬುತ್ತಿಯ ಗಂಟು ಕಟ್ಟುತ್ತಿರುವಾಗ ಚಿಕ್ಕ ಮಗಳು ನಮ್ಮ ತೋಳು ಹಿಡಿದು ಜಗ್ಗಿದಳು. ಹಳ್ಳದಾಚೆ ಹುಲ್ಲಿನ ನಡುವೆ ಕಂದುಬಣ್ಣದ ಮೈಯೊಂದು, ನಮ್ಮತ್ತಲೇ ನೆಟ್ಟ ಎರಡು ಕಿವಿ. ಹತ್ತು ಎಣಿಸುವಷ್ಟು ಹೊತ್ತು ನಿಂತಿತು. ಛಂಗನೆ ನೆಗೆದು ಪೊದೆ ಸೇರಿತು.

"ಅಪ್ಪಾ, ಅದಕ್ಕೆ ಒಂದು ಕೊಂಬೂ ಇರಲಿಲ್ಲವಲ್ಲ!" ಎಂದು ಮಗಳು ಮುನಿದಳು. ಹೆಣ್ಣಿಗೆ ಕೊಂಬಿರುವುದಿಲ್ಲವೆಂದು ಅವಳಿಗೆ ತಿಳಿಯಹೇಳುವಷ್ಟರಲ್ಲಿ ನಮ್ಮ ಗಾಡಿ ಜಗಳೂರನ್ನು ದಾಟಿತ್ತು.