ಸ್ನಾನಗೃಹದ ನವೀಕರಣ: ಗೋಡೆ ಒಡೆಯುವ ಮೊದಲೇ ನಲ್ಲಿಯ ಸ್ಥಾನ ನಿಶ್ಚಯವಾಗಲಿ

ವಸತಿಗೃಹದ ಕೊಠಡಿಗಳನ್ನು ಕೆಲವು ವರ್ಷಗಳಿಗೊಮ್ಮೆ ನವೀಕರಿಸುವುದು ಹೋಟೆಲ್ ಉದ್ಯಮದಲ್ಲಿ ಅನಿವಾರ್ಯ. ಅಂತಹ ಸಂದರ್ಭದಲ್ಲಿ ಮಂಚ, ಪರದೆ, ಗೋಡೆಯ ಬಣ್ಣಗಳ ಬಗ್ಗೆ ಮಾಲೀಕರು ವಾರಗಟ್ಟಲೆ ಚರ್ಚಿಸುತ್ತಾರೆ. ಸ್ನಾನಗೃಹದಲ್ಲಿ ನಲ್ಲಿ ಎಲ್ಲಿರಬೇಕೆಂಬ ಪ್ರಶ್ನೆ ಮಾತ್ರ ಪ್ಲಂಬರ್ ಗೋಡೆಗೆ ಉಳಿ ಹಾಕುವ ದಿನ, ಆತನ ಅನುಕೂಲಕ್ಕೆ ತಕ್ಕಂತೆ ಇತ್ಯರ್ಥವಾಗುತ್ತದೆ. ಬಣ್ಣ ಒಪ್ಪಿಗೆಯಾಗದಿದ್ದರೆ ಮತ್ತೆ ಬಳಿಸಬಹುದು. ಗೋಡೆಯೊಳಗೆ ಹುದುಗಿದ ಕೊಳವೆ ತಪ್ಪಾದರೆ ಟೈಲ್ಸ್ ಒಡೆದು, ಜಲನಿರೋಧಕ ಲೇಪನವನ್ನು ಪುನಃ ಮಾಡಿಸಿ, ಅಷ್ಟು ದಿನ ಕೊಠಡಿಯನ್ನು ಮುಚ್ಚಬೇಕಾಗುತ್ತದೆ.

ಉದಾಹರಣೆಗೆ, ದಿನಕ್ಕೆ ರೂ. 2,000 ಬಾಡಿಗೆಯ 20 ಕೊಠಡಿಗಳಿದ್ದು, ಸರಾಸರಿ ಶೇ. 60ರಷ್ಟು ಭರ್ತಿಯಾಗುತ್ತವೆ ಎಂದಿಟ್ಟುಕೊಳ್ಳೋಣ. ನಲ್ಲಿಯ ಸ್ಥಾನ ಬದಲಿಸಲು ಪ್ರತಿ ಕೊಠಡಿಯನ್ನು ನಾಲ್ಕು ದಿನ ಮುಚ್ಚಿದರೆ ಬಾಡಿಗೆ ನಷ್ಟವೇ ರೂ. 96,000. ಕೂಲಿ ಮತ್ತು ಸಾಮಗ್ರಿಯ ವೆಚ್ಚ ಇದರ ಮೇಲಿನದು.

ಟಬ್ ಯಾರಿಗೆ, ಎಷ್ಟು?

ಮೊದಲ ನಿರ್ಧಾರ ಟಬ್ ಬೇಕೇ ಬೇಡವೇ ಎಂಬುದು. ಹಂಡೆ, ಬಕೆಟ್, ಚೊಂಬುಗಳ ಬಚ್ಚಲುಮನೆಗೆ ಒಗ್ಗಿದ ಕುಟುಂಬಗಳು ಯಾತ್ರಾಸ್ಥಳದ ವಸತಿಗೃಹದಲ್ಲಿ ಟಬ್ ಕಂಡು ಸಂತೋಷಪಡುವುದಕ್ಕಿಂತ ಬಕೆಟ್ ಇಡಲು ಜಾಗ ಹುಡುಕುವುದೇ ಹೆಚ್ಚು. ವಿರಾಮಕ್ಕೆಂದು ಬಂದು ಹೆಚ್ಚಿನ ಬಾಡಿಗೆ ತೆರುವ ಅತಿಥಿಯ ನಿರೀಕ್ಷೆ ಬೇರೆ. ಆದುದರಿಂದ ಎಲ್ಲ ಕೊಠಡಿಗಳಿಗೂ ಒಂದೇ ಮಾದರಿ ಸಲ್ಲದು.

ನೀರಿನ ಲೆಕ್ಕವೂ ಮುಖ್ಯ. ಸಾಮಾನ್ಯ ಟಬ್‌ಗೆ ಸುಮಾರು 150 ಲೀಟರ್ ನೀರು ಬೇಕು. ಎರಡು ಬಕೆಟ್ ಸ್ನಾನಕ್ಕೆ 40 ಲೀಟರ್ ಸಾಕು. 1993ರ ಭಾರತೀಯ ಮಾನಕ 1172 ಹೋಟೆಲಿನ ಒಂದು ಹಾಸಿಗೆಗೆ ದಿನವೊಂದಕ್ಕೆ ನಿಗದಿಪಡಿಸಿದ್ದು 180 ಲೀಟರ್. ಅದರ ಬಹುಪಾಲು ಒಂದೇ ಟಬ್ ಸ್ನಾನಕ್ಕೆ ವ್ಯಯವಾಗುತ್ತದೆ. 2024ರ ಬೇಸಿಗೆಯಲ್ಲಿ ನೀರಿನ ಅಭಾವದಿಂದಾಗಿ ಬೆಂಗಳೂರು ಜಲಮಂಡಳಿಯು ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರೇಟರ್ ಅಳವಡಿಸುವಂತೆ ಆದೇಶಿಸಿದ್ದನ್ನು ಉದ್ಯಮಿಗಳು ಮರೆಯುವಂತಿಲ್ಲ.

ಭಾರದ ವಿಷಯವೂ ಗಮನಾರ್ಹ. 1700 x 700 ಮಿ.ಮೀ. ಅಳತೆಯ ಟಬ್, ಅದರ ನೀರು ಹಾಗೂ ಒಬ್ಬ ವ್ಯಕ್ತಿ ಸೇರಿ ಸುಮಾರು 250 ಕಿ.ಗ್ರಾಂ. ಆಗುತ್ತದೆ. ಎಂದರೆ ಚದರ ಮೀಟರಿಗೆ 200 ಕಿ.ಗ್ರಾಂ. ಮೀರುತ್ತದೆ. ಸ್ನಾನಗೃಹದ ನೆಲವನ್ನು ಸಾಮಾನ್ಯವಾಗಿ ವಿನ್ಯಾಸಗೊಳಿಸುವ ಚಲಭಾರವೂ ಸುಮಾರು ಅಷ್ಟೇ. ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿ ಟಬ್ ಇಡುವ ಮುನ್ನ ಇಂಜಿನಿಯರರ ಅಭಿಪ್ರಾಯ ಪಡೆಯುವುದು ಕ್ಷೇಮಕರ.

ನಲ್ಲಿಯ ಸ್ಥಾನ

(ಅ) ಶವರಿನ ಕೆಳಗೆ ನಿಲ್ಲದೆಯೇ ಅದರ ಹಿಡಿ ಕೈಗೆ ಸಿಗಬೇಕು. ಹಿಡಿ ಶವರಿನ ನೇರ ಕೆಳಗಿದ್ದರೆ ಮೊದಲು ಬರುವ ತಣ್ಣೀರೋ ಬಿಸಿನೀರೋ ಅತಿಥಿಯ ತಲೆಯ ಮೇಲೆಯೇ ಬೀಳುತ್ತದೆ. ಪ್ರವೇಶದ ಕಡೆಯ ಗೋಡೆ ಸೂಕ್ತ.

(ಆ) ಟಬ್‌ನ ಹಿಂಬದಿಯ ಗೋಡೆಯಲ್ಲಿ ಹಿಡಿ ಇಟ್ಟರೆ ಟಬ್‌ನ ಮೇಲೆ ಬಗ್ಗಿ ಕೈಚಾಚಬೇಕಾಗುತ್ತದೆ. ವೃದ್ಧರು ಜಾರುವುದು ಇಲ್ಲಿಯೇ. ಕಿರುಬದಿಯ ಗೋಡೆಯಲ್ಲಿ, ಹೊರ ಅಂಚಿಗೆ ಸಮೀಪವಾಗಿ, ತಲೆಯಿಡುವ ತುದಿಗೆ ಎದುರಾಗಿ ಹಿಡಿ ಇರಲಿ. ಹಿಡಿದು ಏಳಲು ಗೋಡೆಗೆ ಭದ್ರವಾದ ಕಂಬಿಯೂ ಇರಲಿ.

(ಇ) ನಲ್ಲಿಯ ಮೂತಿ ಟಬ್‌ನ ಅಂಚಿಗಿಂತ ಕನಿಷ್ಠ ಒಂದು ಇಂಚು ಮೇಲಿರಬೇಕು. ಇಲ್ಲವಾದಲ್ಲಿ ಕೊಳವೆಯಲ್ಲಿ ಒತ್ತಡ ಕುಸಿದಾಗ ಟಬ್‌ನ ಕೊಳೆನೀರು ಹಿಂದಕ್ಕೆ ಎಳೆಯಲ್ಪಡುವ ಅಪಾಯವಿದೆ. ಕೈಶವರಿನ ಕೊಳವೆಯೂ ನೀರಿನಲ್ಲಿ ಮುಳುಗದಂತೆ ಕೊಕ್ಕೆ ಬೇಕು.

(ಈ) ಬಕೆಟ್ ನಲ್ಲಿಯ ಎತ್ತರವನ್ನು ನಿಜವಾದ ಬಕೆಟ್ ಇಟ್ಟು ಅಳೆಯಬೇಕು. ಮೂತಿ ಬಕೆಟಿನ ಬಾಯಿಗಿಂತ ಮೇಲಿದ್ದು, ನೀರು ಅದರ ಮಧ್ಯಕ್ಕೆ ಬೀಳುವಷ್ಟು ಗೋಡೆಯಿಂದ ಮುಂದೆ ಚಾಚಿರಬೇಕು.

(ಉ) ರೂಢಿಯಂತೆ ಬಿಸಿನೀರು ಎಡಗಡೆ. 60 ಡಿಗ್ರಿ ಸೆಲ್ಸಿಯಸ್‌ನ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡಬಲ್ಲದು. ಆದುದರಿಂದ ಉಷ್ಣತೆ ನಿಯಂತ್ರಿಸುವ ಮಿಕ್ಸರ್‌ಗೆ ತಗಲುವ ಹೆಚ್ಚುವರಿ ವೆಚ್ಚವನ್ನು ಆಡಂಬರವೆಂದು ಭಾವಿಸಲಾಗದು.

(ಊ) ಹತ್ತು ಮೀಟರ್ ಎತ್ತರದ ನೀರು ನೀಡುವ ಒತ್ತಡ ಚದರ ಸೆಂಟಿಮೀಟರಿಗೆ ಕೇವಲ 1 ಕಿ.ಗ್ರಾಂ. ಟ್ಯಾಂಕಿಗಿಂತ ಮೂರೇ ಮೀಟರ್ ಕೆಳಗಿರುವ ಶವರಿಗೆ ಅದು 0.3. ಮಿಕ್ಸರ್ ಕೊಳ್ಳುವಾಗ ಅದಕ್ಕೆ ಬೇಕಾದ ಕನಿಷ್ಠ ಒತ್ತಡವನ್ನು ವಿಚಾರಿಸದಿದ್ದರೆ ಮೇಲಂತಸ್ತಿನ ಅತಿಥಿಗೆ ಹನಿ ನೀರೇ ಗತಿ.

(ಋ) ಕೊಳವೆಬಾವಿಯ ಗಡಸು ನೀರು ಮಿಕ್ಸರಿನೊಳಗೆ ಸುಣ್ಣ ಕಟ್ಟಿಸುತ್ತದೆ. ಟೈಲ್ಸ್ ಒಡೆಯದೆ ಬಿಡಿಭಾಗ ತೆಗೆಯುವಂತಿರಬೇಕು. ಟಬ್‌ನ ಬದಿಯಲ್ಲಿ ತೆರೆಯಬಹುದಾದ ಫಲಕವಿರಬೇಕು. ಪ್ರತಿ ಕೊಠಡಿಗೂ ನೀರು ನಿಲ್ಲಿಸುವ ಪ್ರತ್ಯೇಕ ವಾಲ್ವ್ ಇರಬೇಕು.

ಲೆಕ್ಕಪತ್ರದ ದೃಷ್ಟಿ

ಕೆಟ್ಟ ನಲ್ಲಿಯನ್ನು ಬದಲಿಸುವುದು ದುರಸ್ತಿ. ಇಡೀ ಸ್ನಾನಗೃಹವನ್ನು ಹೊಸದಾಗಿಸುವುದು ಬೇರೆ. ಚಿತ್ರಮಂದಿರವೊಂದರಲ್ಲಿ ಹೊಸ ಯಂತ್ರ, ಪೀಠೋಪಕರಣ, ನೈರ್ಮಲ್ಯ ಸಲಕರಣೆಗಳನ್ನು ಅಳವಡಿಸಿ ಕಟ್ಟಡವನ್ನು ವ್ಯಾಪಕವಾಗಿ ದುರಸ್ತಿ ಮಾಡಿದ್ದು 'ಚಾಲ್ತಿ ದುರಸ್ತಿ' ಎನಿಸದೆಂದು ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಆದ್ದರಿಂದ ಪೂರ್ಣ ನವೀಕರಣದ ಮೊತ್ತವನ್ನು ಆ ವರ್ಷದ ಖರ್ಚಿಗೇ ಬರೆಯುವ ಮುನ್ನ ಯೋಚಿಸಬೇಕು.

ಜಿ.ಎಸ್.ಟಿ.ಯಲ್ಲಿಯೂ ಎಚ್ಚರಿಕೆ ಅಗತ್ಯ. 22 ಸೆಪ್ಟೆಂಬರ್ 2025ರಿಂದ ಜಾರಿಗೆ ಬಂದ ದರದಂತೆ, ದಿನಕ್ಕೆ ರೂ. 7,500ವರೆಗಿನ ಕೊಠಡಿಗೆ ಹೂಡುವಳಿ ತೆರಿಗೆ ಜಮೆಯಿಲ್ಲದೆ ಶೇ. 5 ತೆರಿಗೆ. ಅಂತಹವರಿಗೆ ನಲ್ಲಿ, ಟೈಲ್ಸ್‌ಗಳ ಮೇಲೆ ತೆತ್ತ ತೆರಿಗೆಯೂ ವೆಚ್ಚವೇ. ಅದಕ್ಕಿಂತ ಹೆಚ್ಚಿನ ಬಾಡಿಗೆಯವರಿಗೂ ಕಟ್ಟಡದ ನವೀಕರಣ ವೆಚ್ಚವನ್ನು ಬಂಡವಾಳವಾಗಿ ತೋರಿಸಿದಷ್ಟರ ಮಟ್ಟಿಗೆ ಜಮೆ ದೊರೆಯದು. ಅಂದಾಜು ಪಟ್ಟಿಯನ್ನು ತೆರಿಗೆ ಸಹಿತವಾಗಿಯೇ ಸಿದ್ಧಪಡಿಸುವುದು ವಿವೇಕ.

ಮೊದಲು ಒಂದು ಕೊಠಡಿ

ಇಷ್ಟಕ್ಕೂ ಪರಿಹಾರ ದುಬಾರಿಯದಲ್ಲ. ಮೊದಲು ಒಂದೇ ಸ್ನಾನಗೃಹವನ್ನು ಪೂರ್ಣಗೊಳಿಸಬೇಕು. ಗೋಡೆಯ ಮೇಲೆ ಸೀಮೆಸುಣ್ಣದಿಂದ ನಲ್ಲಿಯ ಸ್ಥಾನ ಗುರುತಿಸಿ, ಒಬ್ಬ ಎತ್ತರದವರು, ಒಬ್ಬ ಹಿರಿಯರು ಹಾಗೂ ಕೊಠಡಿ ಶುಚಿಗೊಳಿಸುವ ಸಿಬ್ಬಂದಿ, ಈ ಮೂವರೂ ಕೈಚಾಚಿ ನೋಡಿದ ಮೇಲೆಯೇ ಉಳಿ ಹಿಡಿಯಬೇಕು. ಟೈಲ್ಸ್ ಹಾಕುವ ಮುನ್ನ ಕೊಳವೆಗಳ ಛಾಯಾಚಿತ್ರವನ್ನು ಅಳತೆ ಸಹಿತ ಕಡತದಲ್ಲಿರಿಸಬೇಕು. ಒಂದು ವಾರ ಅತಿಥಿಗಳು ಬಳಸಿ ದೂರಿಲ್ಲವೆಂದಾದ ನಂತರವೇ ಉಳಿದ ಕೊಠಡಿಗಳ ಕೆಲಸ ಆರಂಭವಾಗಲಿ. ಒಂದು ಕೊಠಡಿಯ ತಪ್ಪು ಇಪ್ಪತ್ತು ಕೊಠಡಿಗಳ ತಪ್ಪಾಗದಂತೆ ತಡೆಯಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ.