ಕನಕಪುರ ಲೋಕಸಭಾ ಕ್ಷೇತ್ರ ಎಲ್ಲಿ ಹೋಯ್ತು?

ಕನಕಪುರ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಕನಕಪುರ ರಸ್ತೆ, ಹಸಿರು ಲೈನಿನ ಮೆಟ್ರೋ, ಸಂಗಮ-ಮೇಕೆದಾಟು ಟ್ರಿಪ್. ಇದೇ ಹೆಸರಲ್ಲಿ 1967ರಿಂದ 2008ರವರೆಗೆ ಒಂದು ಲೋಕಸಭಾ ಕ್ಷೇತ್ರವೂ ಇತ್ತು. ಈಗ ಇಲ್ಲ. ಯಾಕಿಲ್ಲ ಅಂತ ಹುಡುಕುತ್ತಾ ಹೋದರೆ, ನಮ್ಮ ಒಂದು ವೋಟಿನ ತೂಕ ಎಷ್ಟು ಅನ್ನೋ ಪ್ರಶ್ನೆಗೆ ಬಂದು ನಿಲ್ತೀವಿ.

ಮೊದಲು ಕ್ಷೇತ್ರದ ಕಥೆ. 1967ರಲ್ಲಿ ಇಲ್ಲಿಂದ ಗೆದ್ದವರು ಎಂ.ವಿ. ರಾಜಶೇಖರನ್. 1971ರಲ್ಲಿ ಗೆದ್ದವರು ಸಿ.ಕೆ. ಜಾಫರ್ ಷರೀಫ್, ಅಂದರೆ ಮುಂದೆ ರೈಲ್ವೆ ಮಂತ್ರಿಯಾಗಿ ಗೇಜ್ ಪರಿವರ್ತನೆಗೆ ಹೆಸರಾದವರು. 1977ರಿಂದ ಬಹುಕಾಲ ಇದು ಕಾಂಗ್ರೆಸ್ಸಿನ ಎಂ.ವಿ. ಚಂದ್ರಶೇಖರ ಮೂರ್ತಿ ಅವರ ಕ್ಷೇತ್ರ. 1996ರಲ್ಲಿ ಎಚ್.ಡಿ. ಕುಮಾರಸ್ವಾಮಿ ತಮ್ಮ ಮೊದಲ ಚುನಾವಣೆ ಗೆದ್ದದ್ದು ಇಲ್ಲೇ. ಎರಡೇ ವರ್ಷಕ್ಕೆ, 1998ರಲ್ಲಿ, ಸೀಟು ಬಿಜೆಪಿಗೆ ಹೋಯ್ತು. 1999ರಲ್ಲಿ ಮತ್ತೆ ಚಂದ್ರಶೇಖರ ಮೂರ್ತಿ. ಅವರು ತೀರಿಕೊಂಡ ಮೇಲೆ 2002ರಲ್ಲಿ ನಡೆದ ಉಪಚುನಾವಣೆಯಲ್ಲಿ ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರು ಡಿ.ಕೆ. ಶಿವಕುಮಾರ್ ಅವರನ್ನು ಸೋಲಿಸಿದರು. 2004ರಲ್ಲಿ ಅದೇ ದೇವೇಗೌಡರನ್ನು ಇಲ್ಲಿ ಸೋಲಿಸಿದ್ದು ಪತ್ರಕರ್ತೆಯಾಗಿದ್ದ ತೇಜಸ್ವಿನಿ. ಕನಕಪುರದ ಕೊನೆಯ ಸಂಸದೆ ಅವರೇ.

ಹೆಸರುಗಳಿಗಿಂತ ಕುತೂಹಲದ ವಿಷಯ ಈ ಕ್ಷೇತ್ರದ ಆಕಾರ. ಒಂದು ಕಡೆ ರಾಮನಗರದ ರೇಷ್ಮೆಗೂಡು, ಚನ್ನಪಟ್ಟಣದ ಬೊಂಬೆ, ಸಾತನೂರಿನ ಒಣ ಹೊಲಗಳು. ಇನ್ನೊಂದು ಕಡೆ ಆನೇಕಲ್ ಮತ್ತು ಬೆಂಗಳೂರಿಗೆ ಅಂಟಿಕೊಂಡ ಉತ್ತರಹಳ್ಳಿ. 1970ರ ದಶಕದಲ್ಲಿ ಗಡಿ ಎಳೆದಾಗ ಇವೆಲ್ಲ ಹೆಚ್ಚುಕಮ್ಮಿ ಹಳ್ಳಿಗಳೇ. ಆಗ ಕೈಯಲ್ಲಿದ್ದ ಡೇಟಾ 1971ರ ಜನಗಣತಿಯದು.

ಆಮೇಲೆ 1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿ ಬಂತು. ಲೋಕಸಭೆ, ವಿಧಾನಸಭೆಗಳ ಸೀಟು ಹಂಚಿಕೆಯನ್ನು 2000ದ ನಂತರದ ಮೊದಲ ಜನಗಣತಿವರೆಗೆ ಮುಟ್ಟೋ ಹಾಗಿಲ್ಲ ಅಂತ ಫ್ರೀಜ್ ಮಾಡಲಾಯ್ತು. ಕುಟುಂಬ ಯೋಜನೆ ಚೆನ್ನಾಗಿ ನಡೆಸಿದ ರಾಜ್ಯಗಳು ಅದೇ ಕಾರಣಕ್ಕೆ ಸೀಟು ಕಳ್ಕೋಬಾರದು ಅನ್ನೋದು ಇದರ ಹಿಂದಿನ ಯೋಚನೆ. ಕ್ಷೇತ್ರಗಳ ಗಡಿಯೂ ಹಾಗೇ ಉಳೀತು.

ಆದರೆ ಜನ ಫ್ರೀಜ್ ಆಗಲಿಲ್ಲ. 1971ರಲ್ಲಿ ಸುಮಾರು 17 ಲಕ್ಷ ಇದ್ದ ಬೆಂಗಳೂರು ನಗರದ ಜನಸಂಖ್ಯೆ 2001ಕ್ಕೆ ಸುಮಾರು 57 ಲಕ್ಷ ಆಯ್ತು. ಹೊಸ ಲೇಔಟುಗಳು ಎದ್ದದ್ದು ನಗರದ ಅಂಚಿನಲ್ಲಿ. ಉತ್ತರಹಳ್ಳಿ ಮತದಾರರ ಸಂಖ್ಯೆಯಲ್ಲಿ ರಾಜ್ಯದ ಅತಿ ದೊಡ್ಡ ವಿಧಾನಸಭಾ ಕ್ಷೇತ್ರವಾಗಿ ಊದಿಕೊಂಡಿತು. ಪಕ್ಕದ ಸಾತನೂರು ಹೆಚ್ಚು ಬೆಳೆಯಲಿಲ್ಲ. ಆದರೂ ಎರಡಕ್ಕೂ ಶಾಸಕರು ಒಬ್ಬೊಬ್ಬರೇ.

ಲೆಕ್ಕ ಸುಲಭ. ಉದಾಹರಣೆಗೆ, ಒಂದು ಕ್ಷೇತ್ರದಲ್ಲಿ 1.5 ಲಕ್ಷ ಮತದಾರರು, ಇನ್ನೊಂದರಲ್ಲಿ 6 ಲಕ್ಷ ಅಂತ ಇಟ್ಕೊಳ್ಳಿ. ಎರಡನೇ ಕ್ಷೇತ್ರದವರ ಒಂದು ವೋಟಿನ ಬೆಲೆ ಮೊದಲನೆಯವರ ವೋಟಿನ ಕಾಲು ಭಾಗ. ಯಾರೂ ಮೋಸ ಮಾಡಿಲ್ಲ, ಮತಯಂತ್ರ ಕೆಟ್ಟಿಲ್ಲ. ಹಳೇ ಇನ್‌ಪುಟ್ ಇಟ್ಕೊಂಡು ಹೊಸ ಔಟ್‌ಪುಟ್ ತೆಗೀತಿದ್ವಿ, ಅಷ್ಟೇ.

ಇದನ್ನು ಸರಿ ಮಾಡೋ ಕೆಲಸಕ್ಕೆ ಕ್ಷೇತ್ರ ಮರುವಿಂಗಡಣೆ ಅಂತಾರೆ. ನಿವೃತ್ತ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ 2001ರ ಜನಗಣತಿ ಹಿಡಿದು ಗಡಿಗಳನ್ನು ಮತ್ತೆ ಎಳೆಯಿತು. ಸಂಸದರು, ಶಾಸಕರು ಇದರಲ್ಲಿ ಸಹ ಸದಸ್ಯರಾಗಿ ಸಲಹೆ ಕೊಡಬಹುದು, ವೋಟ್ ಹಾಕೋ ಹಾಗಿಲ್ಲ. ಆಯೋಗದ ಆದೇಶಕ್ಕೆ ಕಾನೂನಿನ ಬಲ ಇರುತ್ತೆ. ಸಂಸತ್ತು ಕೂಡ ಅದನ್ನು ತಿದ್ದೋಕೆ ಆಗಲ್ಲ. 2008ರ ಫೆಬ್ರವರಿಯಲ್ಲಿ ಆದೇಶ ಜಾರಿಗೆ ಬಂತು. ಹೊಸ ಗಡಿಗಳಲ್ಲಿ ಮೊದಲು ಚುನಾವಣೆ ನಡೆಸಿದ ರಾಜ್ಯ ಕರ್ನಾಟಕವೇ, ಅದೇ ಮೇ ತಿಂಗಳಲ್ಲಿ.

ಕರ್ನಾಟಕದ ಲೋಕಸಭಾ ಸೀಟುಗಳು 28 ಇದ್ದವು, 28ಕ್ಕೇ ನಿಂತವು. ಉತ್ತರಹಳ್ಳಿ, ಸಾತನೂರು ವಿಧಾನಸಭಾ ಕ್ಷೇತ್ರಗಳು ಇಲ್ಲವಾದವು. ಕನಕಪುರ ಲೋಕಸಭಾ ಕ್ಷೇತ್ರವೂ ಹೋಯ್ತು. ಅದರ ಜಾಗಕ್ಕೆ ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ, ಆನೇಕಲ್, ಕುಣಿಗಲ್, ಬೆಂಗಳೂರು ದಕ್ಷಿಣ, ರಾಜರಾಜೇಶ್ವರಿನಗರ ಸೇರಿ "ಬೆಂಗಳೂರು ಗ್ರಾಮಾಂತರ" ಬಂತು.

ಇಲ್ಲೊಂದು ತಮಾಷೆ ಇದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ, ಹೊಸಕೋಟೆ ನಾಲ್ಕೂ ಇರೋದು ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರದಲ್ಲಿ. ಹೆಸರು ಒಂದು ಕಡೆ, ಊರು ಒಂದು ಕಡೆ!

ಇಷ್ಟೆಲ್ಲ ಹಳೇ ಕಥೆ ನಮಗ್ಯಾಕೆ? 2008ರಲ್ಲಿ ಬದಲಾದದ್ದು ರಾಜ್ಯದ ಒಳಗಿನ ಗಡಿ ಮಾತ್ರ. ಯಾವ ರಾಜ್ಯಕ್ಕೆ ಎಷ್ಟು ಲೋಕಸಭಾ ಸೀಟು ಅನ್ನೋದು ಇವತ್ತಿಗೂ 1971ರ ಲೆಕ್ಕವೇ. 84ನೇ ತಿದ್ದುಪಡಿ ಆ ಫ್ರೀಜನ್ನು 2026ರ ನಂತರದ ಮೊದಲ ಜನಗಣತಿವರೆಗೆ ಮುಂದಕ್ಕೆ ಹಾಕಿದೆ. ಜನಸಂಖ್ಯೆ ಒಂದನ್ನೇ ನೋಡಿ ಹಂಚಿದರೆ ದಕ್ಷಿಣದ ರಾಜ್ಯಗಳ ಪಾಲು ಕುಗ್ಗುತ್ತೆ. ಹಂಚದೇ ಬಿಟ್ಟರೆ ಉತ್ತರದ ರಾಜ್ಯಗಳ ಮತದಾರರ ಸ್ಥಿತಿ ಹಳೇ ಉತ್ತರಹಳ್ಳಿಯವರ ಥರ.

ಕರ್ನಾಟಕದವರಾಗಿ ಮೊದಲನೇ ಮಾತು ನಮಗೆ ತಕ್ಷಣ ನೋವು ಕೊಡುತ್ತೆ, ಅದು ಸಹಜ. ಎರಡನೇದೂ ಅನ್ಯಾಯವೇ ಅಂತ ನಮಗೆ ತೋರಿಸಿಕೊಡೋದು ನಮ್ಮದೇ ಕನಕಪುರ. ಈ ಚರ್ಚೆ ಮುಗಿಯೋ ಹೊತ್ತಿಗೆ ವೋಟ್ ಹಾಕೋ ಸಾಲಿನಲ್ಲಿ ನಿಂತಿರೋರು ನಾವೇ. ಎರಡೂ ಕಡೆಯ ಲೆಕ್ಕ ಗೊತ್ತಿಟ್ಟುಕೊಂಡೇ ಮಾತಾಡೋಣ.