ನೆತ್ತಿಯ ಮೇಲೆ ಬಿಸಿಲು, ಕೊರಳಿಗೆ ಭಾರ

ವಿಜಯಪುರ ಸೀಮೆಯ ಲಗ್ನಪತ್ರಿಕೆಗಳಲ್ಲಿ ಅಕ್ಷತೆಯ ವೇಳೆ ಸಾಮಾನ್ಯವಾಗಿ ಮಧ್ಯಾಹ್ನ ಹನ್ನೆರಡು ದಾಟಿದ ಮೇಲೆಯೇ ಇರುತ್ತದೆ. ಸೊಲ್ಲಾಪುರ ರಸ್ತೆ ಹಿಡಿದು ಬೀಗರ ಕ್ರೂಸರ್‌ಗಳು ಬಂದು ಮುಟ್ಟಬೇಕು, ಮದುಮಗ ಹನುಮಪ್ಪನ ಗುಡಿಗೆ ಹೋಗಿ ಮೆರವಣಿಗೆಯಲ್ಲಿ ಬರಬೇಕು. ಅಷ್ಟು ಹೊತ್ತಿಗೆ ಸೂರ್ಯ ನೆತ್ತಿಗೇರಿರುತ್ತಾನೆ. ಲಗ್ನದ ಸುಗ್ಗಿಯೂ ಬಸವ ಜಯಂತಿಯ ಆಸುಪಾಸಿನ ಏಪ್ರಿಲ್–ಮೇ ತಿಂಗಳೇ. ಆಗ ಇಲ್ಲಿ ತಾಪಮಾನ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ನಗರದ ಕಾರ್ಯಾಲಯದಲ್ಲಾದರೆ ಫ್ಯಾನು, ಕೂಲರ್ ಉಂಟು. ಟಿಕೋಟಾ, ಬಬಲೇಶ್ವರ ಕಡೆಯ ಹಳ್ಳಿಗಳಲ್ಲಿ ಮನೆಯ ಮುಂದೆ, ಗುಡಿಯ ಬಯಲಲ್ಲಿ, ತೋಟದ ವಸ್ತಿಯಲ್ಲಿ ಹಂದರ ಹಾಕಿ ಮಾಡುವ ಲಗ್ನದಲ್ಲಿ ಅದೆಲ್ಲಿಂದ ಬರಬೇಕು? ಬೆಳಗಿನ ಸುರಗಿಯಿಂದ ರಾತ್ರಿ ಮದುಮಗಳನ್ನು ಕಳಿಸಿಕೊಡುವವರೆಗೆ ಕಾಲ ಮೇಲೇ ನಿಂತಿರುವ ಫೋಟೊಗ್ರಾಫರನಿಗೆ ಕೊರಳಲ್ಲಿ ತೂಗುವ ಒಂದೊಂದು ನೂರು ಗ್ರಾಂ ಕೂಡ ಸಂಜೆಗೆ ಲೆಕ್ಕಕ್ಕೆ ಬರುತ್ತದೆ.

ಆ ಲೆಕ್ಕವನ್ನು ಒಮ್ಮೆ ಹಾಕಿಯೇ ನೋಡಬಹುದು. ತೀರಾ ಇತ್ತೀಚಿನವರೆಗೂ ಭಾರೀ ಆರ್ಡರ್ ಹಿಡಿಯುತ್ತಿದ್ದ ಸ್ಟುಡಿಯೊಗಳ ನೆಚ್ಚಿನ ಜೋಡಿ ಕೆನಾನ್ 5ಡಿ ಮಾರ್ಕ್ 4 ಬಾಡಿ ಎರಡು, ಒಂದಕ್ಕೆ 24–70, ಇನ್ನೊಂದಕ್ಕೆ 70–200 ಲೆನ್ಸ್. ಬ್ಯಾಟರಿ, ಕಾರ್ಡ್ ಸೇರಿ ಬಾಡಿ ಒಂದಕ್ಕೆ 890 ಗ್ರಾಂ. ಎಫ್/2.8ರ 24–70 ಲೆನ್ಸ್ 805 ಗ್ರಾಂ, 70–200ರ ಎರಡನೇ ಆವೃತ್ತಿ 1,490 ಗ್ರಾಂ. ಒಟ್ಟು 4 ಕಿಲೊ ಮೇಲೆ 75 ಗ್ರಾಂ. ಫ್ಲ್ಯಾಶ್, ಪಟ್ಟಿ, ಬಿಡಿ ಬ್ಯಾಟರಿ ಬೇರೆ. ಇದರ ಜಾಗದಲ್ಲಿ ಸೋನಿ ಎ7–4 ಬಾಡಿ ಎರಡು (ತಲಾ 658 ಗ್ರಾಂ), ಟ್ಯಾಮ್ರಾನ್ 28–75ರ ಎರಡನೇ ಆವೃತ್ತಿ (540 ಗ್ರಾಂ), ಸೋನಿಯ 85 ಎಂಎಂ ಎಫ್/1.8 (371 ಗ್ರಾಂ) ಇಟ್ಟರೆ 2,227 ಗ್ರಾಂಗೆ ಮುಗಿಯಿತು. ಹೆಚ್ಚುಕಡಿಮೆ ಅರ್ಧ. ಜೂಮಿನ ದೂರ ಮಾತ್ರ ಮೊದಲಿನಷ್ಟು ಸಿಗುವುದಿಲ್ಲ.

ಇಷ್ಟು ಕೇಳಿದವರು ಸಾಮಾನ್ಯವಾಗಿ "ಅಂದರೆ ಮಿರರ್‌ಲೆಸ್ ತಗೊಂಡರೆ ಆಯ್ತಲ್ಲ" ಎನ್ನುತ್ತಾರೆ. ಅರ್ಧ ನಿಜ. ಹಳೆಯ ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸಿನ ಹಿಂದೆ ಒಂದು ಕನ್ನಡಿ, ಅದರ ಮೇಲೆ ಗಾಜಿನ ಪ್ರಿಸಂ ಇರುತ್ತಿತ್ತು. 2008ರಲ್ಲಿ ಪ್ಯಾನಸಾನಿಕ್ ಜಿ1 ಆ ಕನ್ನಡಿಯನ್ನು ಕಿತ್ತೊಗೆದು ಬಂತು. 2013ರಲ್ಲಿ ಸೋನಿ ಎ7 ದೊಡ್ಡ ಫುಲ್‌ಫ್ರೇಮ್ ಸೆನ್ಸರಿಗೂ ಅದನ್ನೇ ಮಾಡಿತು. ಬಾಡಿ ಇಳಿದದ್ದು ಹೀಗೆ. ಲೆನ್ಸ್ ಮಾತ್ರ ತಾನಾಗಿ ಇಳಿಯಲಿಲ್ಲ. ಕೆನಾನ್‌ನ ಹೊಸ ಮಿರರ್‌ಲೆಸ್ 24–70 ಎಫ್/2.8 ಲೆನ್ಸ್ 900 ಗ್ರಾಂ, ಹಳೆಯದಕ್ಕಿಂತ ಹೆಚ್ಚು! 28–70 ಎಫ್/2 ಎಂಬ ಆಸೆಬುರುಕರ ಲೆನ್ಸ್ 1,430 ಗ್ರಾಂ. 85 ಎಂಎಂ ಎಫ್/1.2 ಕೂಡ 1,195 ಗ್ರಾಂ ತೂಗುತ್ತದೆ. ಕ್ಯಾಮೆರಾ ಬದಲಿಸಿ ಅದರ ಮುಂದೆ ಇಂಥವನ್ನು ಸಿಕ್ಕಿಸಿಕೊಂಡರೆ ಹೆಗಲಿಗೆ ಬದಲಾವಣೆಯೇ ಗೊತ್ತಾಗದು. ಭಾರ ಇಳಿಸುವವರು ಮೊದಲು ಕೈ ಹಾಕಬೇಕಾದ್ದು ಗಾಜಿಗೆ.

ಭಾರದ ಚಿಂತೆ ಈ ಊರಿಗೆ ಹೊಸದೂ ಅಲ್ಲ. 1855ರಲ್ಲಿ ಮುಂಬಯಿ ಸರ್ಕಾರದ ಪರವಾಗಿ ಇಲ್ಲಿನ ಗುಮ್ಮಟ, ಮಸೀದಿಗಳ ಫೋಟೊ ತೆಗೆಯಲು ಬಂದವನು ತೋಪುದಳದ ಅಧಿಕಾರಿ ಥಾಮಸ್ ಬಿಗ್ಸ್. ಆಗ ಗಾಜಿನ ನೆಗೆಟಿವ್ ಬಂದಾಗಿತ್ತು, ಚಿತ್ರವೂ ಅದರಲ್ಲಿ ಹೆಚ್ಚು ಸ್ಪಷ್ಟ. ಆದರೂ ಬಿಗ್ಸ್ ಬಳಸಿದ್ದು ಕಾಗದದ ನೆಗೆಟಿವ್. ಊರೂರು ಸುತ್ತುವವರಿಗೆ ಕಾಗದ ಹಗುರ, ಒಡೆಯುವ ಹೆದರಿಕೆಯೂ ಇಲ್ಲ; ಅದಕ್ಕೇ ಆ ಕಾಲದ ಸಂಚಾರಿ ಫೋಟೊಗ್ರಾಫರುಗಳು ಅದನ್ನು ಬಿಟ್ಟುಕೊಡಲಿಲ್ಲ. ಆ ಚಿತ್ರಗಳು 1866ರಲ್ಲಿ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಬರೆಹಗಳೊಡನೆ ಲಂಡನ್ನಿನಲ್ಲಿ ಪುಸ್ತಕವಾದವು. ಕಾಗದದ ಮೇಲೆ ಚಿತ್ರ ಮೂಡಲು ನಿಮಿಷಗಟ್ಟಲೆ ಬೇಕಿತ್ತು. ಗುಮ್ಮಟಕ್ಕೆ ಅವಸರವಿರಲಿಲ್ಲ, ಅಲ್ಲಾಡದೆ ನಿಂತಿತು. ಲಗ್ನದ ಮನೆಯಲ್ಲಿ ಯಾರು ನಿಲ್ಲುತ್ತಾರೆ?

ಸುರಗಿಯನ್ನೇ ನೋಡಿ. ಅಂಗಳದ ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ಅವಕ್ಕೆ ನೂಲು ಸುತ್ತಿ, ನಡುವೆ ಅರಿಷಿಣ ಹಚ್ಚಿದವರನ್ನು ಕೂಡಿಸಿ ಮುತ್ತೈದೆಯರು ನೀರೆರೆಯುತ್ತಾರೆ. ಎಲ್ಲ ಏಳೆಂಟು ಅಡಿ ಜಾಗದಲ್ಲಿ ನಡೆಯುವ ಕೆಲಸ. ಸುತ್ತಲೂ ಹೆಂಗಸರು, ಮಕ್ಕಳು ಒತ್ತಿ ನಿಂತಿರುತ್ತಾರೆ. 70–200 ಹಿಡಿದವನಿಗೆ ಹಿಂದೆ ಸರಿಯಲು ಗೋಡೆ ಅಡ್ಡ. 35 ಎಂಎಂ ಲೆನ್ಸ್ ಇದ್ದವನು ನೂಲಿನ ಅಂಚಿಗೇ ಮೊಣಕಾಲೂರಿ, ತಂಬಿಗೆಯ ಎತ್ತರದಿಂದ ನೋಡಬಲ್ಲ. ಬೆಳಗಿನ ಎಳೆಬಿಸಿಲು ಹಿಂದಿನಿಂದ ಬಿದ್ದರೆ ಎರೆದ ನೀರಿನ ಹನಿಹನಿಯೂ ಹೊಳೆಯುತ್ತದೆ. 1/2000 ಸೆಕೆಂಡಿನ ಶಟರ್ ಇಟ್ಟರೆ ಅವು ಗಾಳಿಯಲ್ಲೇ ನಿಂತುಬಿಡುತ್ತವೆ. ಸೋನಿಯ 35 ಎಂಎಂ ಎಫ್/1.8 ತೂಗುವುದು 280 ಗ್ರಾಂ, ಕೆನಾನ್ ಆರ್‌ಎಫ್‌ನದು 305. ಅರಿಷಿಣದ ನೀರು ಕ್ಯಾಮೆರಾಕ್ಕೂ ಸಿಡಿಯುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಒಂದು ಪ್ಲಾಸ್ಟಿಕ್ ಚೀಲ, ಒಂದು ಒಣ ಟವೆಲ್ಲು ಜೊತೆಗಿರಲಿ.

ಎಫ್/2.8 ಇಲ್ಲದೆ ಲಗ್ನ ಮಾಡಲಾಗದು ಎಂಬ ನಂಬಿಕೆ ಈ ವೃತ್ತಿಯಲ್ಲಿ ಬೇರುಬಿಟ್ಟಿದೆ. ಕತ್ತಲೆಯ ಸಭಾಂಗಣಗಳಿಂದ ಬಂದ ನಂಬಿಕೆ ಅದು. ಬಿರುಬಿಸಿಲಿನ ಹಳೆಯ ಸೂತ್ರ ಹೇಳುವಂತೆ, ಐಎಸ್‌ಒ 100 ಇದ್ದಾಗ ಎಫ್/16ರಲ್ಲಿ 1/100 ಸೆಕೆಂಡ್ ಸಾಕು. ಅದನ್ನೇ ಎಫ್/4ಕ್ಕೆ ತಂದರೆ ಶಟರ್ 1/1600 ಆಗುತ್ತದೆ; ಎಫ್/2.8ಕ್ಕೆ ತಂದರೆ 1/3200. ಎರಡೂ ಮೆರವಣಿಗೆಯ ಕುಣಿತವನ್ನು ಹಿಡಿಯಲು ಬೇಕಾದದ್ದಕ್ಕಿಂತ ಹೆಚ್ಚೇ. ಹಂದರದ ನೆರಳಲ್ಲಿ ಬೆಳಕು ಹತ್ತಿಪ್ಪತ್ತು ಪಟ್ಟು ಇಳಿದರೂ ಈಗಿನ ಸೆನ್ಸರುಗಳು ಐಎಸ್‌ಒ 800, 1600ರಲ್ಲಿ ಮುಖ ಮುರಿಯುವುದಿಲ್ಲ. ಹಾಗಾಗಿ ದೂರದ ಲೆನ್ಸ್ ಬೇಕೇ ಬೇಕೆನ್ನುವವರಿಗೆ ಕೆನಾನ್ ಆರ್‌ಎಫ್ 70–200 ಎಫ್/4 ಒಳ್ಳೆಯ ದಾರಿ: 695 ಗ್ರಾಂ, ಹಳೆಯ 1,490ರ ಅರ್ಧಕ್ಕಿಂತ ಕಡಿಮೆ. ಹಿನ್ನೆಲೆ ಒಂದಿಷ್ಟು ಕಡಿಮೆ ಮಸುಕಾಗುತ್ತದೆ ನಿಜ. ಆದರೆ ಆಲ್ಬಂ ತೆರೆದವರು ಮೊದಲು ಹುಡುಕುವುದು ತಮ್ಮ ಮುಖವನ್ನು; ಹಿಂದೆ ಕೂತ ದೊಡ್ಡಪ್ಪ ಮಸುಕಾಗಿದ್ದರೆ ಅದಕ್ಕೂ ತಕರಾರೇ.

ಹಂದರದ ನಿಜವಾದ ತೊಡಕು ಬೆಳಕಿನ ಕೊರತೆಯಲ್ಲ, ಬಣ್ಣ. ಕೆಂಪು, ಹಳದಿ ಬಟ್ಟೆಯ ಶಾಮಿಯಾನದ ಮೂಲಕ ಇಳಿದ ಬಿಸಿಲು ಎಲ್ಲರ ಮುಖಕ್ಕೂ ಆ ಬಣ್ಣ ಬಳಿಯುತ್ತದೆ. ಕ್ಯಾಮೆರಾದ ಆಟೊ ವೈಟ್ ಬ್ಯಾಲೆನ್ಸ್ ಇದರ ಮುಂದೆ ಗೊಂದಲಕ್ಕೆ ಬೀಳುತ್ತದೆ. ಯಾವ ದುಬಾರಿ ಲೆನ್ಸೂ ಇಲ್ಲಿ ನೆರವಿಗೆ ಬಾರದು. ಹಂದರದೊಳಗೆ ಹೋದ ಕೂಡಲೇ ಹಿರಿಯರ ಬಿಳಿ ಧೋತರದ ಮೇಲೋ ಒಂದು ಬಿಳಿ ಕಾಗದದ ಮೇಲೋ ವೈಟ್ ಬ್ಯಾಲೆನ್ಸ್ ಹಿಡಿದುಕೊಂಡು, ರಾ ಫೈಲಿನಲ್ಲಿ ತೆಗೆಯುವುದೇ ಉಪಾಯ. ಕಾಗದದ ತೂಕ ಲೆಕ್ಕಕ್ಕಿಲ್ಲ.

ಅಕ್ಕಿಕಾಳು ಬೀಳುವ ಗಳಿಗೆ ಬಂದಾಗ ಹಗುರ ಕ್ಯಾಮೆರಾದ ಬೆಲೆ ಗೊತ್ತಾಗುತ್ತದೆ. ಮಂಗಲಾಷ್ಟಕ ಮುಗಿಯುತ್ತಿದ್ದಂತೆ ಕೂತವರೆಲ್ಲ ಎದ್ದು ನಿಲ್ಲುತ್ತಾರೆ. ವೇದಿಕೆಯ ಮುಂದೆ ಫೋಟೊದವರೇ ಗೋಡೆಯಾಗಿ ನಿಂತಿದ್ದರೆ ಹಿಂದಿನಿಂದ ದನಿ ಬರುವುದು ತಪ್ಪುವುದಿಲ್ಲ: "ಏ ತಮ್ಮಾ, ಒಂದೀಟು ಸರಿ, ನಮಗೂ ಕಾಣ್ಲಿ!" ಆಗ ಬಾಗಿ, ಬದಿಗೆ ಸರಿದು, ಒಂದೇ ಕೈಯಲ್ಲಿ ಕ್ಯಾಮೆರಾ ಎತ್ತಿ, ತಿರುಗಿಸಿದ ಪರದೆಯಲ್ಲಿ ನೋಡುತ್ತ ತೆಗೆಯಬೇಕು. 1 ಕಿಲೊ ಒಳಗಿನ ಜೋಡಣೆಯಾದರೆ ತೋಳು ಸಹಕರಿಸುತ್ತದೆ. 2,380 ಗ್ರಾಂ ತೂಗುವ 5ಡಿ ಮತ್ತು 70–200 ಜೋಡಿಯನ್ನು ಹಾಗೆ ಹಿಡಿದು ನಿಲ್ಲುವವರು ಪೈಲ್ವಾನರೇ ಆಗಿರಬೇಕು.

ಬಿಸಿಲಲ್ಲಿ ಫ್ಲ್ಯಾಶ್ ಹೊರುವುದು ಎಷ್ಟು ಸರಿ? ಕಣ್ಣಿನ ಗುಳಿಗಳಲ್ಲಿ, ಬಾಸಿಂಗದ ಕೆಳಗೆ ಕಪ್ಪು ನೆರಳು ಬೀಳುವುದರಿಂದ ತುಂಬುಬೆಳಕು ಬೇಕು, ಸರಿ. ಆದರೆ ಹೆಚ್ಚಿನ ಕ್ಯಾಮೆರಾಗಳ ಶಟರ್ ಸಾಮಾನ್ಯ ಫ್ಲ್ಯಾಶ್ ಜೊತೆ 1/200 ಅಥವಾ 1/250ರ ಮೇಲೆ ಹೋಗದು. ಆಗ ಎಫ್/11ಕ್ಕೆ ಮುಚ್ಚಿಕೊಳ್ಳಬೇಕಾಗುತ್ತದೆ, ಪುಟ್ಟ ಫ್ಲ್ಯಾಶಿನ ಬೆಳಕು ನಾಲ್ಕು ಹೆಜ್ಜೆ ಆಚೆ ಸೋಲುತ್ತದೆ. ಹೈಸ್ಪೀಡ್ ಸಿಂಕ್ ಹಾಕಿದರೆ ಅದರ ಬಲ ಇನ್ನೂ ಕುಗ್ಗುತ್ತದೆ. ಮಡಚುವ ಬಿಳಿ ರಿಫ್ಲೆಕ್ಟರ್ ಒಂದನ್ನು ಯಾರಾದರೂ ಹುಡುಗನ ಕೈಗೆ ಕೊಡುವುದು ಇದಕ್ಕಿಂತ ಮೇಲು. ಅದಕ್ಕಿಂತಲೂ ಸುಲಭ, ಜೋಡಿಯನ್ನು ಕಟ್ಟೆಯ ನೆರಳಿಗೋ, ಟಿಕೋಟಾ ಕಡೆಯಾದರೆ ಒಣದ್ರಾಕ್ಷಿ ಶೆಡ್ಡಿನ ನೆರಳಿಗೋ ಕರೆದೊಯ್ಯುವುದು. ದ್ರಾಕ್ಷಿ ಚಪ್ಪರದ ಕೆಳಗೆ ಮಾತ್ರ ಬೇಡ: ಎಲೆಗಳ ನಡುವೆ ತೂರಿ ಬರುವ ಬಿಸಿಲು ಮುಖದ ತುಂಬ ಚುಕ್ಕೆ ಹಾಕುತ್ತದೆ.

ಹಗುರದ ಹುರುಪಿನಲ್ಲಿ ಬಿಡಬಾರದ್ದನ್ನು ಬಿಟ್ಟವರೂ ಇದ್ದಾರೆ. ಕೆನಾನ್ ಆರ್8 ಬ್ಯಾಟರಿ, ಕಾರ್ಡ್ ಸೇರಿ 461 ಗ್ರಾಂ. ಕೈಗೆತ್ತಿಕೊಂಡರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಅದಕ್ಕೆ ಕಾರ್ಡ್ ಸ್ಲಾಟ್ ಒಂದೇ. ಕಾರ್ಡ್ ಕೈಕೊಟ್ಟರೆ ಅಕ್ಷತೆಯನ್ನು ಮತ್ತೊಮ್ಮೆ ಹಾಕಿಸಲು ಆಗುವುದಿಲ್ಲ. ಅದನ್ನು ಎರಡನೇ ಬಾಡಿಯಾಗಿ ಇಟ್ಟುಕೊಂಡು, ಮುಖ್ಯ ಬಾಡಿಯಾಗಿ ಎರಡು ಸ್ಲಾಟ್ ಇರುವ ಆರ್6 ಮಾರ್ಕ್ 2 (670 ಗ್ರಾಂ) ಅಥವಾ ಎ7–4 ಇಡುವುದು ಬುದ್ಧಿವಂತಿಕೆ. ಎರಡು ಬಾಡಿ ಬೇಕಾಗುವುದು ಧೂಳಿಗಾಗಿಯೂ ಹೌದು. ಎರೆಭೂಮಿಯ ಬೇಸಿಗೆ ಧೂಳು ಗಾಳಿಯಲ್ಲಿ ಎದ್ದಾಗ ಲೆನ್ಸ್ ಬದಲಿಸಲು ಹೊರಟರೆ, ಕನ್ನಡಿಯ ಮರೆಯೂ ಇಲ್ಲದ ಸೆನ್ಸರಿನ ಮೇಲೆ ಅದು ಸಲೀಸಾಗಿ ಕೂರುತ್ತದೆ.

ಬ್ಯಾಟರಿಯ ಲೆಕ್ಕವೂ ಬೇರೆಯೇ. ನಿಕಾನ್ ಡಿ850 ಒಂದು ಚಾರ್ಜಿಗೆ 1,840 ಚಿತ್ರ ಕೊಡುತ್ತದೆಂದು ಕಂಪನಿಯ ಲೆಕ್ಕ. ಸೋನಿ ಎ7–4 ವ್ಯೂಫೈಂಡರ್ ಬಳಸಿದರೆ 520. ಸದಾ ಉರಿಯುವ ಪರದೆಗೆ ತೆರಬೇಕಾದ ಬೆಲೆ ಇದು. ಬ್ಯಾಟರಿ ಒಂದಕ್ಕೆ 80 ಗ್ರಾಂ ಚಿಲ್ಲರೆ. ಮೂರು ನಾಲ್ಕು ಹೆಚ್ಚು ಇಟ್ಟುಕೊಂಡರೆ ನಷ್ಟವಿಲ್ಲ. ಸೆಕೆಗೆ ಮಾತ್ರ ಸುಲಭದ ಮದ್ದಿಲ್ಲ. ಹೆಚ್ಚಿನ ಕ್ಯಾಮೆರಾಗಳ ಕೈಪಿಡಿಯಲ್ಲಿ ಬಳಕೆಯ ಮಿತಿ 40 ಡಿಗ್ರಿ ಎಂದೇ ಇರುತ್ತದೆ, ಅಂದರೆ ಇಲ್ಲಿನ ಮೇ ತಿಂಗಳು ಕೈಪಿಡಿಯಿಂದ ಹೊರಗೆ. 2020ರಲ್ಲಿ ಬಂದ ಕೆನಾನ್ ಆರ್5, 23 ಡಿಗ್ರಿಯ ತಂಪಿನಲ್ಲೇ 8ಕೆ ವಿಡಿಯೊವನ್ನು 20 ನಿಮಿಷಕ್ಕೆ ನಿಲ್ಲಿಸುತ್ತಿತ್ತು. ಪುಟ್ಟ ಬಾಡಿಗೆ ಸೆಕೆ ಹೊರಹಾಕಲು ಜಾಗ ಕಡಿಮೆ. ಇಡೀ ಅಕ್ಷತೆಯನ್ನು ಒಂದೇ ಸಮ ರೆಕಾರ್ಡ್ ಮಾಡಬೇಕಾದವರು ಆ ಕೆಲಸಕ್ಕೆ ಬೇರೆ ವಿಡಿಯೊ ಕ್ಯಾಮೆರಾ ಇಡುವುದೇ ಒಳಿತು. ಬಿಡುವಿದ್ದಾಗ ಕರಿ ಬಾಡಿಯ ಮೇಲೆ ಒಂದು ಬಿಳಿ ವಸ್ತ್ರ ಹೊದಿಸಿಟ್ಟರೂ ಎಷ್ಟೋ ಉಪಕಾರ.

ಹೊತ್ತು ಮುಳುಗಿದ ಮೇಲೆ ಆಟವೇ ಬದಲು. ಎಫ್/4 ಜೂಮ್ ಅಲ್ಲಿ ಸೋಲುತ್ತದೆ, ಎಫ್/1.8 ಲೆನ್ಸ್ ಅದರ ಐದು ಪಟ್ಟಿನಷ್ಟು ಬೆಳಕನ್ನು ಒಳಗೆ ಬಿಡುತ್ತದೆ. ಕೆನಾನ್ ಆರ್‌ಎಫ್‌ನ 160 ಗ್ರಾಮಿನ 50 ಎಂಎಂ ಎಫ್/1.8 ಅಗ್ಗದ ಲೆನ್ಸುಗಳ ಸಾಲಿನದು, ಆರತಕ್ಷತೆಗೆ ಅದೇ ಆಪದ್ಬಾಂಧವ. ಎಲ್‌ಇಡಿ ಪರದೆ, ಬಣ್ಣದ ದೀಪಗಳ ಮುಂದೆ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಚಿತ್ರದಲ್ಲಿ ಪಟ್ಟೆಗಳು ಮೂಡುತ್ತವೆ. ಡಿಜೆ ಗದ್ದಲದಲ್ಲಿ ಟಕ್ ಸದ್ದು ಯಾರಿಗೂ ಕೇಳದು, ಮೆಕ್ಯಾನಿಕಲ್ ಶಟರೇ ಇರಲಿ.

ಹೊಸದಾಗಿ ಕೊಳ್ಳುವವರು ಎಲ್ಲವನ್ನೂ ಒಮ್ಮೆಗೇ ಮಾರಿ ಬದಲಿಸಬೇಕೆಂದೇನೂ ಇಲ್ಲ. ಕೆನಾನ್‌ನ ಹಳೆಯ 85 ಎಂಎಂ ಎಫ್/1.8 ಲೆನ್ಸ್ 425 ಗ್ರಾಂ. ಅದನ್ನು ಮಿರರ್‌ಲೆಸ್ ಬಾಡಿಗೆ ಕೂರಿಸುವ ಅಡಾಪ್ಟರ್ 110 ಗ್ರಾಂ. ಎರಡೂ ಸೇರಿ 535. ಹೊಸ ಆರ್‌ಎಫ್ 85 ಎಂಎಂ ಎಫ್/2 ಲೆನ್ಸ್ 500. ಈ 35 ಗ್ರಾಮಿಗಾಗಿ ಸಾಲ ಮಾಡುವುದಕ್ಕಿಂತ ಚೀಲದಲ್ಲಿರುವ 70–200ನ್ನು ಮನೆಯಲ್ಲಿ ಬಿಟ್ಟು ಒಂದು ಲಗ್ನ ಮಾಡಿ, ಅದು ಬೇಕೆನಿಸಿದ್ದು ಎಲ್ಲೆಲ್ಲಿ ಎಂದು ನೋಡಿಕೊಳ್ಳುವುದು ಖರ್ಚಿಲ್ಲದ ಪರೀಕ್ಷೆ. ಬೇಕೇ ಆದರೆ ಮುಂದಿನ ಲಗ್ನಕ್ಕೆ ಒಂದು ದಿನದ ಬಾಡಿಗೆಗೆ ಹಗುರ ಲೆನ್ಸ್ ತಂದು ತೂಗಿ ನೋಡಬಹುದು.